ಬೋಲ್ಟು ಬಿಗಿಯುವ ಮುನ್ನ

ಸಿಂಧನೂರಿನ ಯಾವ ಓಣಿಯಲ್ಲಾದರೂ ಸರಿ, ಇಳಿಹೊತ್ತಿನಲ್ಲಿ ಮಾಳಿಗೆ ಹತ್ತಿ ಸುತ್ತ ಕಣ್ಣಾಡಿಸಿದರೆ ಒಂದು ಅಪರೂಪದ ಒಗ್ಗಟ್ಟು ಕಾಣುತ್ತದೆ. ಪಕ್ಷ, ಭಾಷೆ, ಕಾಲುವೆ ನೀರಿನ ಸರದಿ ಎಂದು ಯಾವುದರಲ್ಲೂ ಒಮ್ಮತಕ್ಕೆ ಬಾರದ ಮನೆಗಳೆಲ್ಲ ಒಂದು ವಿಷಯದಲ್ಲಿ ಮಾತ್ರ ಒಂದೇ ಕಡೆ ಮುಖ ಮಾಡಿವೆ. ಡಿಶ್‌ಗಳೆಲ್ಲ ಆಗ್ನೇಯಕ್ಕೆ ತಿರುಗಿವೆ. ವಾಸ್ತು ಹೇಳುವವರು ಆ ಮೂಲೆಯನ್ನು ಅಡುಗೆಮನೆಗೆ ಬಿಟ್ಟುಕೊಟ್ಟಿದ್ದಾರೆ, ಟಿ.ವಿ. ಯಾರನ್ನೂ ಕೇಳದೆ ಅದನ್ನು ಹಿಡಿದುಕೊಂಡಿದೆ. ಆದರೆ ಸ್ವಲ್ಪ ಹೊತ್ತು ನೋಡಿದರೆ ಈ ಒಗ್ಗಟ್ಟಿನೊಳಗಿನ ಬಿರುಕೂ ತೋರುತ್ತದೆ. ಒಂದು ತುಸು ಹೆಚ್ಚು ಮೇಲೆ ನೋಡುತ್ತಿದೆ, ಇನ್ನೊಂದು ಕತ್ತು ಬಗ್ಗಿಸಿದೆ, ಮತ್ತೊಂದರ ಕಂಬವೇ ವಾಲಿದೆ. ಈ ಸಣ್ಣ ವ್ಯತ್ಯಾಸದ ಬೆಲೆಯನ್ನು ಮಳೆ ಬಂದ ರಾತ್ರಿ ಮನೆಮಂದಿ ತೆರುತ್ತಾರೆ. ಧಾರಾವಾಹಿಯಲ್ಲಿ ಸೊಸೆ ಬಾಯಿ ತೆರೆದು ಸತ್ಯ ಹೇಳುವ ಗಳಿಗೆಗೆ ಸರಿಯಾಗಿ ಅವಳ ಮುಖ ಚೌಕ ಚೌಕವಾಗಿ ಒಡೆದು ನಿಂತುಬಿಡುತ್ತದೆ. ಮನೆಯವರು ಮೋಡವನ್ನು ಬೈಯುತ್ತಾರೆ, ಕಂಪನಿಯನ್ನು ಬೈಯುತ್ತಾರೆ, ಪೆಟ್ಟಿಗೆಯ ತಲೆಗೆ ಒಂದು ಪೆಟ್ಟು ಕೊಡುತ್ತಾರೆ. ನನ್ನ ವಾದ ಇಷ್ಟೇ: ಬಹುಪಾಲು ಸಲ ತಪ್ಪು ಇರುವುದು ನಮ್ಮದೇ ಮಾಳಿಗೆಯ ಮೇಲೆ. ಡಿಶ್ ಕೂರಿಸುವ ಕೆಲಸವನ್ನು ನಾವು ಚಿತ್ರ ಮೂಡಿದೊಡನೆ ಮುಗಿಸಿಬಿಡುತ್ತೇವೆ. ನಿಜವಾದ ಕೆಲಸ ಶುರುವಾಗುವುದು ಆಮೇಲೆ.

ಆ ಕೆಲಸ ನಡೆಯುವ ಬಗೆ ಎಲ್ಲರಿಗೂ ಗೊತ್ತು. ಮೇಲೆ ಒಬ್ಬ ಡಿಶ್ ಹಿಡಿದು ನಿಂತಿರುತ್ತಾನೆ, ಕೆಳಗೆ ಟಿ.ವಿ. ಮುಂದೆ ಒಬ್ಬ, ನಡುವೆ ಮೆಟ್ಟಿಲಿನಲ್ಲಿ ಸುದ್ದಿ ಸಾಗಿಸಲು ಒಂದು ಹುಡುಗ. “ಬಂತೇನೋ?” “ಇಲ್ಲಪಾ.” “ಈಗ?” “ಬಂತು, ಬಂತು... ಹೋತು!” ಹೋದದ್ದನ್ನು ಮತ್ತೆ ಹುಡುಕಿ ಹಿಡಿದ ಕೂಡಲೇ ಪಾನಾ ತಿರುಗುತ್ತದೆ, ಬೋಲ್ಟು ಬಿಗಿಯಾಗುತ್ತದೆ, ಚಹಾ ಬರುತ್ತದೆ. ಈಗ ಹುಡುಗನ ಜಾಗಕ್ಕೆ ಮೊಬೈಲು ಬಂದಿದೆ, ಪದ್ಧತಿ ಮಾತ್ರ ಹಾಗೇ ಇದೆ. ಅಲ್ಯೂಮಿನಿಯಂ ಕಡ್ಡಿಗಳ ಹಳೆಯ ಆಂಟೆನಾ ಕಾಲದಲ್ಲಿ ಈ ಪದ್ಧತಿ ತಪ್ಪೇನೂ ಆಗಿರಲಿಲ್ಲ. ಆಗ ಚಿತ್ರವೇ ಅಳತೆಗೋಲು. ದಿಕ್ಕು ತಪ್ಪಿದಷ್ಟೂ ಚುಕ್ಕಿ ಹೆಚ್ಚು, ಸರಿಯಾದಷ್ಟೂ ಮುಖ ಸ್ಪಷ್ಟ. ಕಣ್ಣಿದ್ದವರು ಯಾರಾದರೂ ಮೆಟ್ಟಿಲು ಮೆಟ್ಟಿಲಾಗಿ ಉತ್ತಮ ಜಾಗಕ್ಕೆ ಸರಿಯಬಹುದಿತ್ತು. ಡಿಜಿಟಲ್ ಪ್ರಸಾರದಲ್ಲಿ ಆ ಅನುಕೂಲ ಇಲ್ಲ. ಬರುವ ಮಾಹಿತಿಯಲ್ಲಿ ಒಂದು ಮಿತಿಯವರೆಗಿನ ತಪ್ಪುಗಳನ್ನು ಸೆಟ್‌ಟಾಪ್ ಪೆಟ್ಟಿಗೆ ತಾನೇ ಲೆಕ್ಕ ಹಾಕಿ ತಿದ್ದಿಕೊಳ್ಳುತ್ತದೆ. ಅದಕ್ಕೆ ಬೇಕಾದ ಮಟ್ಟಕ್ಕಿಂತ ಸಂಕೇತ ಎಷ್ಟೇ ಮೇಲಿದ್ದರೂ ಚಿತ್ರ ಒಂದೇ ತೆರನಾಗಿ ಚೊಕ್ಕ. ಆ ಮಟ್ಟದ ಕೆಳಗೆ ಕತ್ತಲೆ. ನಡುವಿನ ಸ್ಥಿತಿ ಎಂಬುದು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಹೀಗಾಗಿ ಅಂಚಿನ ಮೇಲೆ ತೂಗಾಡುತ್ತಿರುವ ಡಿಶ್‌ಗೂ ನಟ್ಟನಡುವೆ ಕೂತ ಡಿಶ್‌ಗೂ ಬಿಸಿಲಿನ ದಿನ ಕಣ್ಣಿಗೆ ಒಂದು ಎಳ್ಳಷ್ಟೂ ವ್ಯತ್ಯಾಸ ಕಾಣದು. ಕೆಳಗಿನಿಂದ ಕೂಗಿ ಹೇಳುವವನು ಸುಳ್ಳು ಹೇಳುತ್ತಿಲ್ಲ. ಅವನ ಕಣ್ಣಿಗೆ ಕಾಣಲಾರದ್ದನ್ನು ನಾವು ಕೇಳುತ್ತಿದ್ದೇವೆ.

ಹಾಗಾದರೆ ಈ ವ್ಯತ್ಯಾಸ ಎಷ್ಟು ದೊಡ್ಡದು? ಉಪಗ್ರಹ ಇರುವುದು ಸಮಭಾಜಕ ವೃತ್ತದ ನೆತ್ತಿಯ ಮೇಲೆ, ಸುಮಾರು 35,786 ಕಿಲೋಮೀಟರು ಎತ್ತರದಲ್ಲಿ. 2007ರಲ್ಲಿ ಮೇಲೇರಿದ ಇನ್ಸಾಟ್-4ಬಿ ಉಪಗ್ರಹದಲ್ಲಿ ಮನೆಗಳಿಗೆ ಟಿ.ವಿ. ಕಳಿಸುವ ಒಂದೊಂದು ಟ್ರಾನ್ಸ್‌ಪಾಂಡರ್‌ನ ಹಿಂದಿದ್ದ ವರ್ಧಕದ ಶಕ್ತಿ 140 ವಾಟ್. ಅಂದರೆ ಮನೆಯ ಎರಡು ಸೀಲಿಂಗ್ ಫ್ಯಾನು ತಿನ್ನುವ ಕರೆಂಟು. ಅಷ್ಟನ್ನು ಇಡೀ ದೇಶದ ಮೇಲೆ ಹರಡಿದಾಗ ಲಿಂಗಸುಗೂರಿನ ಒಂದು ಮಾಳಿಗೆಗೆ ಬೀಳುವ ಪಾಲು ಎಷ್ಟಿದ್ದೀತು ಎಂದು ಊಹಿಸಿಕೊಳ್ಳಬಹುದು. ಆ ಚೂರನ್ನು 60 ಸೆಂಟಿಮೀಟರಿನ ಡಿಶ್ ಒಟ್ಟುಮಾಡಿ, ಎದುರಿನ ತೋಳಿನಲ್ಲಿ ಕೂತು ತರಂಗ ಹಿಡಿಯುವ ಎಲ್‌ಎನ್‌ಬಿಯ ಬಾಯಿಗೆ ಹಾಕಬೇಕು. ಈ ತರಂಗದ ಉದ್ದ ಮೂರು ಸೆಂಟಿಮೀಟರಿಗಿಂತ ತುಸು ಕಡಿಮೆ. ಅದಕ್ಕೆ ಆ ಗಾತ್ರದ ಡಿಶ್ ಆಕಾಶದಲ್ಲಿ ಸುಮಾರು ಮೂರು ಡಿಗ್ರಿ ಅಗಲದ ಜಾಗವನ್ನಷ್ಟೇ ಚೆನ್ನಾಗಿ ನೋಡುತ್ತದೆ. ನಡುವಿನಿಂದ ಒಂದೂವರೆ ಡಿಗ್ರಿ ಸರಿದರೆ ಅರ್ಧ ಶಕ್ತಿ ಹೋಯಿತು. ಡಿಶ್‌ನ ಅಂಚಿನಲ್ಲಿ ಅಳೆದರೆ ಈ ಒಂದೂವರೆ ಡಿಗ್ರಿ ಎಂಟು ಮಿಲಿಮೀಟರು, ಒಂದು ಕಿರುಬೆರಳಿನ ಅಗಲವೂ ಇಲ್ಲ. ಕಂಬದ ಮೇಲೆ ಅಳೆಯಹೋದರೆ ಇನ್ನೂ ಕಷ್ಟ: ನಾಲ್ಕು ಸೆಂಟಿಮೀಟರು ದಪ್ಪದ ಪೈಪಿನ ಸುತ್ತ ಒಂದು ಡಿಗ್ರಿ ಎಂದರೆ ಮಿಲಿಮೀಟರಿನ ಮೂರನೇ ಒಂದು ಭಾಗ, ಪೆನ್ಸಿಲಿನ ಒಂದು ಗೆರೆ. ಎರಡೂ ಕೈಯಿಂದ ಡಿಶ್ ಹಿಡಿದು ದಿಮ್ಮಿ ಹೊರಳಿಸುವ ಬಲದಲ್ಲಿ ತಿರುಗಿಸುವವರು ಈ ಗೆರೆಗಳನ್ನು ಡಜನ್ನುಗಟ್ಟಲೆ ದಾಟಿಬಿಡುತ್ತಾರೆ.

ಸಿಂಧನೂರು, ಮಸ್ಕಿ, ಲಿಂಗಸುಗೂರು ಎಂಬ ನಮ್ಮ ಮೂರು ಊರುಗಳ ಮಟ್ಟಿಗೆ ಲೆಕ್ಕ ಬಿಡಿಸಿ ನೋಡಿದರೆ ಇನ್ನೊಂದು ಸ್ವಾರಸ್ಯ ಹೊರಬೀಳುತ್ತದೆ. ದೂರದರ್ಶನದ ಫ್ರೀ ಡಿಶ್ ಮತ್ತು ಸನ್ ಡೈರೆಕ್ಟ್ ಎರಡಕ್ಕೂ ಪೂರ್ವ ರೇಖಾಂಶ 93.5 ಡಿಗ್ರಿಯ ಜಾಗ ಬೇಕು. ಸಿಂಧನೂರಿನಿಂದ ಅದು ಉತ್ತರದಿಂದ ಬಲಕ್ಕೆ ಎಣಿಸಿದರೆ ಸುಮಾರು 132 ಡಿಗ್ರಿ ದಿಕ್ಕಿನಲ್ಲಿ, ನೆಲದಿಂದ ಸುಮಾರು 63 ಡಿಗ್ರಿ ಎತ್ತರದಲ್ಲಿ ಕಾಣಬೇಕು. ಟಾಟಾ ಪ್ಲೇ ಬಳಸುವ 83 ಡಿಗ್ರಿಯ ಜಾಗ ಇನ್ನೂ ಮೇಲೆ, 70 ಡಿಗ್ರಿಯಲ್ಲಿ, ದಕ್ಷಿಣಕ್ಕೆ ಇನ್ನೂ ಹತ್ತಿರ ಇದೆ. ಏರ್‌ಟೆಲ್‌ನ 108.2 ಇವುಗಳಲ್ಲಿ ಎಲ್ಲಕ್ಕಿಂತ ಕೆಳಗೆ, ಐವತ್ತರ ಆಸುಪಾಸು. ಮಸ್ಕಿ ದಾಟಿ ಲಿಂಗಸುಗೂರು ಮುಟ್ಟುವಷ್ಟರಲ್ಲಿ ಈ ಅಂಕಿಗಳು ಹೆಚ್ಚೆಂದರೆ ಅರ್ಧ ಡಿಗ್ರಿಯ ಆಸುಪಾಸು ಕದಲುತ್ತವೆ. ಮೂರೂ ಊರಿಗೆ ಒಂದೇ ಚೀಟಿ ಸಾಕು. ಸ್ವಾರಸ್ಯ ಇರುವುದು ಎತ್ತರದಲ್ಲಿ. ಉಪಗ್ರಹ ಅಷ್ಟು ಮೇಲಿರುವಾಗ ಕಂಬದ ಸುತ್ತ ಡಿಶ್ಶನ್ನು ಒಂದು ಡಿಗ್ರಿ ತಿರುಗಿಸಿದರೆ ಅದರ ನೋಟ ಆಕಾಶದಲ್ಲಿ ಅರ್ಧ ಡಿಗ್ರಿಗೂ ಕಡಿಮೆ ಸರಿಯುತ್ತದೆ. ಮೇಲೆ ಕೆಳಗೆ ಒಂದು ಡಿಗ್ರಿ ಎತ್ತಿದರೋ, ಪೂರ್ತಿ ಒಂದು ಡಿಗ್ರಿಯೇ ಸರಿಯುತ್ತದೆ. ಅಂದರೆ ನಮ್ಮ ಕಡೆ ಎಡ-ಬಲಕ್ಕಿಂತ ಮೇಲು-ಕೆಳಗು ಎರಡು ಪಟ್ಟು ನಾಜೂಕು. ಮಾಳಿಗೆಯ ಮೇಲೆ ನಡೆಯುವುದು ಇದಕ್ಕೆ ತದ್ವಿರುದ್ಧ: ಅರ್ಧ ತಾಸು ಎಡಕ್ಕೂ ಬಲಕ್ಕೂ ಹೊರಳಾಡಿಸುತ್ತಾರೆ, ಎತ್ತರದ ಬೋಲ್ಟನ್ನು ಮಾತ್ರ ಮೊದಲು ಇಟ್ಟ ಗುರುತಿಗೆ ಬಿಟ್ಟು ಮುಟ್ಟುವುದೇ ಇಲ್ಲ. ಆ ಗುರುತು ನಿಜವಾಗಬೇಕಾದರೆ ಕಂಬ ನೆಟ್ಟಗಿರಬೇಕು. ಗೋಡೆ ಕಟ್ಟುವಾಗ ಗೌಂಡಿ ತೂಗುಗುಂಡು ಇಳಿಬಿಡದೆ ಒಂದು ವರಸೆಯನ್ನೂ ಏರಿಸುವುದಿಲ್ಲ. ಅದೇ ಗೋಡೆಯ ಮೇಲಿನ ಡಿಶ್ ಕಂಬಕ್ಕೆ ಯಾರೂ ರಸಮಟ್ಟ ಇಡುವುದಿಲ್ಲ. ಕಂಬ ಎರಡು ಡಿಗ್ರಿ ವಾಲಿದ್ದರೆ ಎತ್ತರದ ಗುರುತಿನಲ್ಲಿ ಎರಡು ಡಿಗ್ರಿಯವರೆಗೂ ತಪ್ಪು ಸೇರಬಹುದು. ಅದಕ್ಕಿಂತ ದೊಡ್ಡ ತಲೆನೋವು ಎಂದರೆ, ಎಡಬಲ ತಿರುಗಿಸಿದಾಗೆಲ್ಲ ಎತ್ತರವೂ ಬದಲಾಗುತ್ತ ಹೋಗಿ ಹುಡುಕುವವನ ತಲೆ ಕೆಡುತ್ತದೆ.

ಡಿಶ್ ನೋಡುವ ಕಡೆ ನೋಡಿದರೆ ನಮಗೆ ಉಪಗ್ರಹದ ದಿಕ್ಕು ಸಿಗುವುದೂ ಇಲ್ಲ. ಮನೆಯ ಡಿಶ್‌ಗಳು ಆಫ್‌ಸೆಟ್ ಮಾದರಿಯವು. ಎಲ್‌ಎನ್‌ಬಿ ಹಿಡಿದ ತೋಳು ಬರುವ ತರಂಗಕ್ಕೆ ಅಡ್ಡ ನಿಲ್ಲದಿರಲಿ ಎಂದು ಅವನ್ನು ಓರೆಯಾಗಿ ರೂಪಿಸಿರುತ್ತಾರೆ. ಆದ್ದರಿಂದ ತಟ್ಟೆಯ ಮುಖ ಎಲ್ಲಿಗೆ ತಿರುಗಿದೆಯೋ ಅದಕ್ಕಿಂತ ಇಪ್ಪತ್ತೈದು ಡಿಗ್ರಿಯಷ್ಟು ಮೇಲೆ ಅದರ ನಿಜವಾದ ನೋಟ. ನೋಡುವವರಿಗೆ ಅದು ಪಕ್ಕದ ಮನೆಯ ನೀರಿನ ಟ್ಯಾಂಕನ್ನೇ ದಿಟ್ಟಿಸುತ್ತಿರುವಂತೆ ಕಾಣುತ್ತದೆ, ಟ್ಯಾಂಕೇ ಅಡ್ಡ ಎಂದು ಜಗಳವೂ ಆಗಬಹುದು. ಲೆಕ್ಕ ಬೇರೆ ಹೇಳುತ್ತದೆ. 63 ಡಿಗ್ರಿ ಎತ್ತರದ ನೋಟಕ್ಕೆ, ಡಿಶ್‌ಗಿಂತ ಇಪ್ಪತ್ತು ಅಡಿ ಎತ್ತರದ ಬೇವಿನ ಮರ ಹತ್ತು ಅಡಿಗಿಂತ ಹತ್ತಿರ ಬಂದರೆ ಮಾತ್ರ ಅಡ್ಡ. ಮಸ್ಕಿಯಲ್ಲಿ ಗುಡ್ಡದ ಬುಡದ ಮನೆಗಳವರು ಮಲ್ಲಯ್ಯನ ಗುಡ್ಡವನ್ನು ದೂರುವ ಹಾಗಿದ್ದರೂ ದೂರು ನಿಲ್ಲುವುದು ಕಷ್ಟ. ಕತ್ತು ಪೂರ್ತಿ ಹಿಂದಕ್ಕೆ ಬಾಗಿಸಿದರೂ ತುದಿ ಕಾಣದಷ್ಟು ಬುಡಕ್ಕೆ ಹೋಗಿ ಮನೆ ಕಟ್ಟಿದ್ದರೆ ಮಾತ್ರ ಆ ಮಾತು ಒಪ್ಪಬಹುದು. 1915ರಲ್ಲಿ ಚಿನ್ನ ಹುಡುಕಲು ಬಂದ ಸಿ. ಬೀಡನ್ ಎಂಬ ಎಂಜಿನಿಯರಿಗೆ ಇದೇ ಮಸ್ಕಿಯಲ್ಲಿ ಅಶೋಕನ ಹೆಸರಿದ್ದ ಶಾಸನ ಸಿಕ್ಕಿತು. ಹುಡುಕಿದ್ದು ಒಂದು, ಸಿಕ್ಕಿದ್ದು ಇನ್ನೊಂದು. ಡಿಶ್ ತಿರುಗಿಸುವವರಿಗೂ ಇದು ಆಗಾಗ ಆಗುತ್ತದೆ, ಆ ಮಾತಿಗೆ ಮುಂದೆ ಬರುತ್ತೇನೆ.

ಅದಕ್ಕೂ ಮೊದಲು ಈ ನೆಲಕ್ಕೆ ಡಿಶ್ ಹೊಸದಲ್ಲ ಎಂಬುದನ್ನು ನೆನೆಯಬೇಕು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಇಸ್ರೊ ಮತ್ತು ನಾಸಾ ಸೇರಿ ನಡೆಸಿದ ‘ಸೈಟ್’ ಎಂಬ ಉಪಗ್ರಹ ಶೈಕ್ಷಣಿಕ ಟಿ.ವಿ. ಪ್ರಯೋಗಕ್ಕೆ ಆರಿಸಿದ ಆರು ರಾಜ್ಯಗಳಲ್ಲಿ ಕರ್ನಾಟಕ ಒಂದು. ಇಲ್ಲಿಯ ಜಿಲ್ಲೆಗಳು ರಾಯಚೂರು, ಗುಲ್ಬರ್ಗಾ, ವಿಜಾಪುರ. ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದದ್ದು 1981ರಲ್ಲಿ. ಅದಕ್ಕೆ ಆರು ವರ್ಷ ಮುಂಚೆಯೇ ರಾಜಧಾನಿಯವರು ಕಾಣದ ಟಿ.ವಿ.ಯನ್ನು ರಾಯಚೂರು ಸೀಮೆಯ ಹಳ್ಳಿಗರು ಕಟ್ಟೆಯ ಮೇಲೆ ಕೂತು ನೋಡಿದರು. ದೇಶದಲ್ಲಿ ಸುಮಾರು 2,400 ಹಳ್ಳಿಗಳಿಗೆ ಒಂದೊಂದು ಸಾರ್ವಜನಿಕ ಟಿ.ವಿ., ಅದರ ಜೊತೆಗೆ ಕೋಳಿಗೂಡಿಗೆ ಬಳಸುವ ತಂತಿ ಬಲೆಯಿಂದ ಮಾಡಿದ ಹತ್ತು ಅಡಿ ಅಗಲದ ಡಿಶ್. ದಿನಕ್ಕೆ ನಾಲ್ಕು ತಾಸು ಪ್ರಸಾರ. ಬೆಳಗಿನದು ಶಾಲೆಯ ಮಕ್ಕಳಿಗೆ, ಸಂಜೆಯದು ಬೇಸಾಯ, ಆರೋಗ್ಯ, ಕುಟುಂಬ ಯೋಜನೆ ಎಂದು ದೊಡ್ಡವರಿಗೆ. ಕನ್ನಡದ ಕಾರ್ಯಕ್ರಮಗಳು ತಯಾರಾಗುತ್ತಿದ್ದದ್ದು ಹೈದರಾಬಾದಿನಲ್ಲಿ. ಕಾರ್ಯಕ್ರಮ ಕಳಿಸುತ್ತಿದ್ದ ಎಟಿಎಸ್-6 ಉಪಗ್ರಹ ಪೂರ್ವ ರೇಖಾಂಶ 35 ಡಿಗ್ರಿಯಲ್ಲಿ, ಅಂದರೆ ಆಫ್ರಿಕಾದ ಪೂರ್ವ ಭಾಗದ ಮೇಲೆ ನಿಂತಿತ್ತು. ಹೀಗಾಗಿ ಆ ಬಲೆಯ ಡಿಶ್‌ಗಳೆಲ್ಲ ಪಶ್ಚಿಮಕ್ಕೆ, ತುಸು ದಕ್ಷಿಣಕ್ಕೆ ಓರೆಯಾಗಿ, ನೆಲದಿಂದ ನಲವತ್ತು ಡಿಗ್ರಿ ಎತ್ತರಕ್ಕೆ ಮುಖ ಮಾಡಿದ್ದವು. ಅಜ್ಜನ ಡಿಶ್ ಮುಳುಗುವ ಸೂರ್ಯನ ಕಡೆ, ಮೊಮ್ಮಗನದು ಏರುವ ಸೂರ್ಯನ ಕಡೆ. ಇದರಲ್ಲಿ ತತ್ವ ಏನೂ ಇಲ್ಲ. ಅಂದಿನದು ಅಮೆರಿಕದವರು ಒಂದು ವರ್ಷದ ಮಟ್ಟಿಗೆ ಈ ಕಡೆ ಸರಿಸಿಕೊಟ್ಟ ಉಪಗ್ರಹ, ಅವಧಿ ಮುಗಿದಮೇಲೆ ತಮ್ಮ ಕಡೆ ಎಳೆದುಕೊಂಡರು. ಪ್ರಯೋಗದ ಮುಂದುವರಿಕೆಯಾಗಿ 1977ರಲ್ಲಿ ಗುಲ್ಬರ್ಗಾದಲ್ಲಿ ನೆಲದ ಮೇಲಿನ ಪ್ರಸಾರ ಕೇಂದ್ರ ಶುರುವಾಯಿತು.

ಆ ದೊಡ್ಡ ಡಿಶ್‌ಗಳನ್ನು ಇಲ್ಲಿ ಎಳೆದು ತಂದದ್ದು ಹಳೆಯ ವೈಭವ ಹಾಡಲಿಕ್ಕಲ್ಲ. ಗಾತ್ರ ನೋಡಿ ನಾವು ತಪ್ಪು ತಿಳಿಯುತ್ತೇವೆ ಎಂಬುದಕ್ಕೆ ಅವೇ ಸಾಕ್ಷಿ. ಹತ್ತು ಅಡಿಯ ಡಿಶ್ ಗುರಿ ಹಿಡಿಯುವುದು ಕಷ್ಟ, ಎರಡು ಅಡಿಯದು ಸಲೀಸು ಎಂದು ಯಾರಿಗಾದರೂ ತೋರುತ್ತದೆ. ವಾಸ್ತವ ತಿರುವುಮುರುವು. ‘ಸೈಟ್’ ಪ್ರಸಾರ 860 ಮೆಗಾಹರ್ಟ್ಸ್‌ನಲ್ಲಿತ್ತು. ಆ ತರಂಗದ ಉದ್ದ ಸುಮಾರು 35 ಸೆಂಟಿಮೀಟರು, ಒಂದು ಮೊಳದ ಹತ್ತಿರ. ಅಷ್ಟುದ್ದದ ತರಂಗ ಬಲೆಯ ತೂತುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆ ತರಂಗಕ್ಕೆ ಹತ್ತು ಅಡಿಯ ಡಿಶ್‌ನ ನೋಟದ ಅಗಲ ಎಂಟು ಡಿಗ್ರಿಯಷ್ಟು. ಎರಡು ಮೂರು ಡಿಗ್ರಿ ತಪ್ಪಿದರೂ ಊರಿನವರ ಚಿತ್ರಕ್ಕೆ ಕುತ್ತಿರಲಿಲ್ಲ, ಮಳೆಗೂ ಆ ತರಂಗ ಅಂಜುತ್ತಿರಲಿಲ್ಲ. ಇಂದಿನ ಪುಟ್ಟ ಡಿಶ್‌ಗೆ ಮೂರೇ ಡಿಗ್ರಿ. ಚಿಕ್ಕದಾಗಿದ್ದಕ್ಕೆ ಕೈಗೆ ಹಗುರ ಅನ್ನಿಸುತ್ತದೆ. ಕೈಗೆ ಹಗುರ ಅನ್ನಿಸಿದ್ದಕ್ಕೆ ಕೆಲಸವೂ ಹಗುರ ಎಂದು ಕೈ ತೀರ್ಮಾನಿಸಿಬಿಡುತ್ತದೆ.

ಉಪಗ್ರಹದ ಕಡೆಯಿಂದ ನೋಡಿದರೆ ನಮ್ಮ ಉದಾಸೀನ ಇನ್ನೂ ಎದ್ದು ಕಾಣುತ್ತದೆ. 2015ರ ನವೆಂಬರ್ 11ರಂದು ಫ್ರೆಂಚ್ ಗಯಾನಾದ ಕೂರೂವಿನಿಂದ ಏರಿಯಾನ್ ರಾಕೆಟ್ಟಿನಲ್ಲಿ ಹೋದ ಜಿಸ್ಯಾಟ್-15 ಇವತ್ತು 93.5 ಡಿಗ್ರಿಯಲ್ಲಿ ನಮ್ಮ ಫ್ರೀ ಡಿಶ್ ಹೊತ್ತು ನಿಂತಿದೆ. ಸೂರ್ಯ ಚಂದ್ರರ ಸೆಳೆತಕ್ಕೆ ಅದು ತನ್ನ ಜಾಗ ಬಿಟ್ಟು ಅಲೆಯದಂತೆ ನೋಡಿಕೊಳ್ಳುವುದು ಹಾಸನದ ಪ್ರಧಾನ ನಿಯಂತ್ರಣ ಕೇಂದ್ರದಂಥ ಕಡೆಯ ಕೆಲಸ. ಅಲ್ಲಿ ಕೂತವರು ಅದನ್ನು ಡಿಗ್ರಿಯ ಹತ್ತನೇ ಒಂದು ಭಾಗದ ಮಟ್ಟದಲ್ಲಿ ಹಿಡಿದಿಡುತ್ತಾರೆ. ಹಾಸನದವರು ಆಕಾಶದಲ್ಲಿ ಉಳಿಸಿಕೊಟ್ಟದ್ದನ್ನು ನಾವು ಮಾಳಿಗೆಯ ಮೇಲೆ ಎರಡು ಡಿಗ್ರಿ ಕಳೆಯುತ್ತೇವೆ. ಹಾಗೆಂದು ಆಕಾಶದ ಕಡೆಯಿಂದ ತಪ್ಪೇ ಆಗದು ಎಂದಲ್ಲ. 2010ರ ಜುಲೈಯಲ್ಲಿ ಇನ್ಸಾಟ್-4ಬಿಯ ಸೌರಫಲಕದ ವಿದ್ಯುತ್ ವ್ಯವಸ್ಥೆ ಕೈಕೊಟ್ಟು 24ರಲ್ಲಿ 12 ಟ್ರಾನ್ಸ್‌ಪಾಂಡರ್‌ಗಳನ್ನು ನಿಲ್ಲಿಸಬೇಕಾಯಿತು. 93.5ರಲ್ಲಿದ್ದ ಆ ಉಪಗ್ರಹವನ್ನು ಬಳಸುತ್ತಿದ್ದ ಸನ್ ಡೈರೆಕ್ಟ್ ತನ್ನ ಪ್ರಸಾರವನ್ನು 91.5 ಡಿಗ್ರಿಯ ಮೀಸ್ಯಾಟ್-3ಕ್ಕೆ ಸಾಗಿಸಿತು. ಕಾಗದದ ಮೇಲೆ ಎರಡೇ ಡಿಗ್ರಿ. ಸಿಂಧನೂರಿನ ಮಾಳಿಗೆಯ ಮೇಲೆ ಅದು ಕಂಬದ ಸುತ್ತ ನಾಲ್ಕು ಡಿಗ್ರಿಯಷ್ಟು ತಿರುವು, ಎತ್ತರದಲ್ಲಿ ಒಂದೂವರೆಗಿಂತ ತುಸು ಹೆಚ್ಚು. ಅಷ್ಟಕ್ಕೆ ಚಿತ್ರ ಪೂರ್ತಿ ಮಾಯ. ಎರಡು ಡಿಗ್ರಿ ದೊಡ್ಡದೋ ಚಿಕ್ಕದೋ ಎಂಬ ಪ್ರಶ್ನೆಗೆ ಇದಕ್ಕಿಂತ ಖಚಿತ ಉತ್ತರ ಬೇಕಿಲ್ಲ.

ಈ ಅಕ್ಕಪಕ್ಕದ ಜಾಗಗಳಿಂದಲೇ ಇನ್ನೊಂದು ಗೊಂದಲ ಹುಟ್ಟುತ್ತದೆ. ಪೆಟ್ಟಿಗೆಯ ಸೆಟ್ಟಿಂಗಿಗೆ ಹೋದರೆ ಎರಡು ಪಟ್ಟಿ ಕಾಣುತ್ತವೆ, ಒಂದು ಸ್ಟ್ರೆಂತ್, ಇನ್ನೊಂದು ಕ್ವಾಲಿಟಿ. ಸ್ಟ್ರೆಂತ್ ತೊಂಬತ್ತು ತೋರಿಸಿದರೆ ಎಲ್ಲರಿಗೂ ಸಮಾಧಾನ. ಆದರೆ ಆ ಪಟ್ಟಿ ಹೇಳುವುದು ತಂತಿಯಲ್ಲಿ ಎಷ್ಟು ಶಕ್ತಿ ಬರುತ್ತಿದೆ ಎಂಬುದನ್ನು ಮಾತ್ರ. ಯಾರದು, ಏನು ಎಂದು ಅದು ಕೇಳುವುದಿಲ್ಲ. ಎಲ್‌ಎನ್‌ಬಿಯ ಸ್ವಂತ ಗದ್ದಲವೂ ಅದರ ಲೆಕ್ಕದಲ್ಲಿ ಸೇರುತ್ತದೆ. ಡಿಶ್ ಖಾಲಿ ಆಕಾಶ ನೋಡುತ್ತಿದ್ದರೂ ಸ್ಟ್ರೆಂತ್ ಅರ್ಧಕ್ಕಿಂತ ಮೇಲೆ ನಿಂತಿರಬಹುದು. ಬೇಕಾದ ಸಂಕೇತ ಗದ್ದಲಕ್ಕಿಂತ ಎಷ್ಟು ಮೇಲಿದೆ ಎಂದು ಹೇಳುವುದು ಕ್ವಾಲಿಟಿ. 93.5ರ ಒಂದು ಪಕ್ಕಕ್ಕೆ 91.5, ಇನ್ನೊಂದು ಪಕ್ಕಕ್ಕೆ ಡಿಶ್ ಟಿ.ವಿ.ಯ 95. ಮೂರು ಡಿಗ್ರಿ ಅಗಲ ನೋಡುವ ಕಣ್ಣಿಗೆ ಇವರೆಲ್ಲ ಒಂದೇ ಗೋಡೆಯ ನೆರೆಯವರು. ಡಿಶ್ ಒಂದು ಡಿಗ್ರಿ 95ರ ಕಡೆ ವಾಲಿದರೆ ನಮ್ಮದು ಕಡಿಮೆಯಾಗುವುದರ ಜೊತೆಗೆ ಅವರ ಮಾತೂ ಗದ್ದಲವಾಗಿ ಒಳಗೆ ಬರುತ್ತದೆ. ಸ್ಟ್ರೆಂತ್ ಪಟ್ಟಿ ಏನೂ ಆಗಿಲ್ಲವೆಂಬಂತೆ ಹಾಗೇ ಇರುತ್ತದೆ, ಕ್ವಾಲಿಟಿ ಬೀಳುತ್ತದೆ. ಇನ್ನೂ ಸ್ವಲ್ಪ ವಾಲಿದರೆ ಬೀಡನ್ ಸಾಹೇಬರ ಹಾಗೆ ಒಂದನ್ನು ಹುಡುಕಿ ಇನ್ನೊಂದನ್ನು ಹಿಡಿದಂತೆ. ಅದಕ್ಕೇ ಮೇಲಿರುವವನು ಕೇಳಬೇಕಾದದ್ದು ಕ್ವಾಲಿಟಿಯ ಅಂಕಿಯನ್ನು. ಎಡಕ್ಕೆ ಸರಿಸುತ್ತ ಹೋಗಿ ಅಂಕಿ ಬೀಳುವ ಜಾಗಕ್ಕೆ ಒಂದು ಗೆರೆ, ಬಲಕ್ಕೆ ಹೋಗಿ ಬೀಳುವಲ್ಲಿ ಇನ್ನೊಂದು ಗೆರೆ, ಎರಡರ ನಡುವೆ ಡಿಶ್. ಎತ್ತರಕ್ಕೂ ಹಾಗೇ, ಇನ್ನೂ ನಿಧಾನವಾಗಿ. ಪೆಟ್ಟಿಗೆ ಪ್ರತಿ ಅಲುಗಾಟಕ್ಕೂ ಉತ್ತರ ಕೊಡಲು ಕೆಲವು ಸೆಕೆಂಡು ತಗೊಳ್ಳುತ್ತದೆ. ಅಷ್ಟು ತಾಳ್ಮೆ ಇಲ್ಲದ ಕೈ ಸರಿಯಾದ ಜಾಗವನ್ನು ದಾಟಿ ಹೋದಮೇಲೆ ಕೆಳಗಿನಿಂದ ಸುದ್ದಿ ಬರುತ್ತದೆ. ಕೊನೆಗೆ ಎಲ್‌ಎನ್‌ಬಿಯನ್ನು ಅದರ ಹಿಡಿಯಲ್ಲೇ ತುಸು ತಿರುಗಿಸಿ ನೋಡಬೇಕು. ತರಂಗಗಳು ಅಡ್ಡ, ಉದ್ದ ಎಂದು ಎರಡು ಬಗೆಯಲ್ಲಿ ಬರುತ್ತವೆ. ಉಪಗ್ರಹ ನಮಗಿಂತ ಪೂರ್ವದ ನೆತ್ತಿಯಲ್ಲಿರುವುದರಿಂದ ನಮಗೆ ಅವು ಓರೆಯಾಗಿ ಮುಟ್ಟುತ್ತವೆ. ಕೆಲವು ಚಾನೆಲ್ ಚೆನ್ನಾಗಿ ಬಂದು ಕೆಲವು ಮಾತ್ರ ಕೈಕೊಡುವುದಕ್ಕೆ ಈ ಓರೆ ಹೊಂದದಿರುವುದೂ ಒಂದು ಕಾರಣ.

ಇಷ್ಟೆಲ್ಲ ಓದಿ ಯಾರಾದರೂ ನಗಬಹುದು. ಚಿತ್ರ ಒಂದೇ ತೆರ ಕಾಣುವಾಗ ಈ ಉಪದ್ವ್ಯಾಪ ಯಾಕೆ? ಅದೂ ನಮ್ಮ ಸೀಮೆಯಲ್ಲಿ, ಮಳೆಯೇ ಅಪರೂಪದ ನೆಂಟನಾಗಿರುವಲ್ಲಿ? ಮಾತಿನ ಮೊದಲರ್ಧಕ್ಕೆ ಉತ್ತರ ಆಗಲೇ ಬಂದಿದೆ: ಚಿತ್ರ ಒಂದೇ ತೆರ ಕಾಣುವುದು ನಮ್ಮ ಕೈಯಲ್ಲಿ ಉಳಿತಾಯ ಎಷ್ಟಿದೆ ಎಂದು ಹೇಳುವುದಿಲ್ಲ. ಎರಡನೆಯ ಅರ್ಧ ಹೆಚ್ಚು ಗಂಭೀರವಾದದ್ದು. ರಾಯಚೂರು ಜಿಲ್ಲೆಗೆ ಮಳೆ ಕಡಿಮೆ, ನಿಜ. ಬರುವಾಗ ಹೇಗೆ ಬರುತ್ತದೆ ಎಂದೂ ನೋಡಬೇಕು. ಮಲೆನಾಡಿನ ಜಿಟಿಜಿಟಿ ಇಲ್ಲಿಯದಲ್ಲ. ಇಲ್ಲಿ ಹೆಚ್ಚು ಮಳೆ ಸೆಪ್ಟೆಂಬರಿನಲ್ಲಿ. ಹಗಲೆಲ್ಲ ಕಾದು ಸಂಜೆಗೆ ಗುಡುಗಿ ಅರ್ಧ ತಾಸಿನಲ್ಲಿ ಸುರಿದು ಹೋಗುವ ಬಿರುಸಿನ ಮಳೆ. ಮೂರು ಸೆಂಟಿಮೀಟರಿನೊಳಗಿನ ತರಂಗಕ್ಕೆ ಜಿಟಿಜಿಟಿ ಅಷ್ಟು ತೊಂದರೆ ಮಾಡದು, ದಪ್ಪ ಹನಿಗಳ ಈ ಬಿರುಸೇ ಅದರ ವೈರಿ. ಶಕ್ತಿಯನ್ನು ಅರ್ಧಕ್ಕೂ ಕೆಳಗಿಳಿಸಬಲ್ಲದು. ತಪ್ಪಾಗಿ ಕೂತ ಡಿಶ್ ಅರ್ಧವನ್ನು ಮೊದಲೇ ಕಳೆದುಕೊಂಡಿದ್ದರೆ ಮಳೆಗೆ ಕೊಡಲು ಅದರ ಬಳಿ ಏನೂ ಉಳಿದಿರುವುದಿಲ್ಲ. ಭತ್ತ ತೆನೆ ಬಿಟ್ಟ ಹೊತ್ತಿಗೆ, ಮೋಡ ಇನ್ನೆಷ್ಟು ದಿನ ಎಂದು ಸುದ್ದಿ ನೋಡಬೇಕಾದ ಸಂಜೆಯೇ ಟಿ.ವಿ. ಮೂಕಾಗುವುದು ಹೀಗೆ. ಎಂಥ ಡಿಶ್ಶೂ ಜೋರು ಮಳೆಗೆ ಒಮ್ಮೊಮ್ಮೆ ಸೋಲುತ್ತದೆ, ಅದನ್ನು ಒಪ್ಪಬೇಕು. ಐದು ನಿಮಿಷ ಸೋಲುವುದಕ್ಕೂ ಅರ್ಧ ತಾಸು ಸೋಲುವುದಕ್ಕೂ ನಡುವಿನ ಅಂತರ ಮಾತ್ರ ನಮ್ಮ ಕೈಯಲ್ಲಿದೆ. ಆಷಾಢದ ಗಾಳಿಯನ್ನೂ ಇದಕ್ಕೆ ಸೇರಿಸಿಕೊಳ್ಳಿ. ಅಂಚಿನಲ್ಲಿ ಕೂತ ಡಿಶ್ ಗಾಳಿಗೆ ಅರ್ಧ ಡಿಗ್ರಿ ಸರಿದರೂ ಸಾಕು. ನಡುವೆ ಕೂತದ್ದು ಅಷ್ಟು ಸರಿದದ್ದನ್ನು ಗಮನಕ್ಕೂ ತರುವುದಿಲ್ಲ.

ದೊಡ್ಡ ಡಿಶ್ ಹಾಕಿದರಾಯಿತು ಎನ್ನುವವರೂ ಇದ್ದಾರೆ. 90 ಸೆಂಟಿಮೀಟರಿನದು 60ರದ್ದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಶಕ್ತಿ ಹಿಡಿಯುತ್ತದೆ, ಸುಳ್ಳಲ್ಲ. ಆದರೆ ಅದರ ನೋಟ ಎರಡು ಡಿಗ್ರಿಗೆ ಇಕ್ಕಟ್ಟಾಗುತ್ತದೆ. ಗಾಳಿಯೂ ಅದನ್ನು ಹೆಚ್ಚು ತಳ್ಳುತ್ತದೆ. ಸರಿಯಾಗಿ ಕೂರಿಸಬಲ್ಲವನಿಗೆ ಅದು ಲಾಭ. ಕೂರಿಸಲಾರದವನಿಗೆ ಇನ್ನೊಂದು ತಲೆನೋವು. ಮೊಬೈಲಿನ ಆ್ಯಪ್ ದಿಕ್ಕು ತೋರಿಸುತ್ತದೆ ಎಂಬುದೂ ಅರ್ಧ ಸತ್ಯ. ದಿಕ್ಸೂಚಿ ನಮ್ಮ ಕಡೆ ನಿಜವಾದ ಉತ್ತರಕ್ಕಿಂತ ಒಂದು ಡಿಗ್ರಿ ಆಚೀಚೆ ಮಾತ್ರ, ಆ ಮಟ್ಟಿಗೆ ನಾವು ಪುಣ್ಯವಂತರು. ಆದರೆ ಮಾಳಿಗೆಯ ಕಾಂಕ್ರೀಟಿನೊಳಗಿನ ಸರಳು, ಪಕ್ಕದ ತಗಡಿನ ಶೆಡ್ಡು, ಡಿಶ್‌ನ ಕಬ್ಬಿಣ ಇವೆಲ್ಲ ಸೇರಿ ಮೊಬೈಲಿನ ಮುಳ್ಳನ್ನು ಹತ್ತು ಡಿಗ್ರಿ ಬೇಕಾದರೂ ತಿರುಗಿಸಿಯಾವು. ಉಪಗ್ರಹ ಯಾವ ಓಣಿಯಲ್ಲಿದೆ ಎಂದು ಆ್ಯಪ್ ಹೇಳೀತು; ಬಾಗಿಲು ತಟ್ಟಲು ಕ್ವಾಲಿಟಿ ಪಟ್ಟಿಯೇ ಬೇಕು.

ಇನ್ನೊಂದು ಆಕ್ಷೇಪಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ: ಇದು ಮೆಕ್ಯಾನಿಕ್ ಕೆಲಸ, ಮನೆಯವರು ಯಾಕೆ ತಿಳಿಯಬೇಕು? ಮೆಕ್ಯಾನಿಕ್ ಪಾಡು ನೋಡಿ. ಸಿಂಧನೂರಿನಲ್ಲಿ ಒಂದು ಮನೆ, ಮಸ್ಕಿ ಆಚೆಯ ತಾಂಡಾದಲ್ಲಿ ಇನ್ನೊಂದು, ಲಿಂಗಸುಗೂರಿನಿಂದ ಫೋನಿನ ಮೇಲೆ ಫೋನು, ತಲೆಯ ಮೇಲೆ ನಲವತ್ತರ ಬಿಸಿಲು. ಅವನಿಗೆ ಕೂಲಿ ಸಿಗುವುದು ಮನೆಗಳ ಲೆಕ್ಕದಲ್ಲಿ, ಡಿಗ್ರಿಗಳ ಲೆಕ್ಕದಲ್ಲಿ ಅಲ್ಲ. ಚಿತ್ರ ಕಂಡೊಡನೆ ಮನೆಯವರೇ ಸಾಕು ಬಾಪ್ಪಾ ಎಂದಮೇಲೆ ಅವನು ಇನ್ನೂ ಹತ್ತು ನಿಮಿಷ ಬಿಸಿಲಲ್ಲಿ ನಿಲ್ಲುವುದು ಯಾವ ಆಸೆಗೆ? ಕೆಲಸ ಎಲ್ಲಿ ಮುಗಿಯುತ್ತದೆ ಎಂದು ತೀರ್ಮಾನಿಸುವವರು ಕೆಳಗೆ ಕೂತ ನಾವೇ. ನಮಗೆ ಗೊತ್ತಿದ್ದಷ್ಟೇ ಅವನು ಮಾಡುತ್ತಾನೆ. ಅವನ ಕೈಗೆ ಬುದ್ಧಿ ಹೇಳಬೇಕಾದ್ದಿಲ್ಲ, ಅದು ನಮ್ಮ ಕೈಗಿಂತ ಬುದ್ಧಿವಂತ ಕೈ. ನಾವು ಕೇಳುವ ಪ್ರಶ್ನೆ ಬದಲಾಗಬೇಕು. ನನ್ನಂಥ ಬರೆಯುವವರಿಗೆ ಕುರ್ಚಿಯ ಮೇಲೆ ಕೂತು ಮಿಲಿಮೀಟರಿನ ಮಾತಾಡುವುದು ಸುಲಭ ಎಂಬುದೂ ಇಲ್ಲಿ ಸೇರಲಿ.

ಡಿಶ್ಶೇ ಹೋಗುವ ಕಾಲದಲ್ಲಿ ಇದೇನು ಪುರಾಣ, ಈಗೆಲ್ಲ ಮೊಬೈಲಿನಲ್ಲೇ ನೋಡುತ್ತಾರೆ ಎಂಬುದು ಕೊನೆಯ ಮಾತು. ನೋಡುತ್ತಾರೆ, ಡೇಟಾ ಇರುವಷ್ಟು ದಿನ. 2004ರ ಡಿಸೆಂಬರ್ 16ರಂದು 33 ಚಾನೆಲ್‌ಗಳೊಂದಿಗೆ ಡಿಡಿ ಡೈರೆಕ್ಟ್ ಪ್ಲಸ್ ಎಂದು ಶುರುವಾಗಿ ಆಮೇಲೆ ಫ್ರೀ ಡಿಶ್ ಆದ ಸೇವೆಗೆ ತಿಂಗಳ ಬಾಡಿಗೆ ಇಲ್ಲ. ಒಮ್ಮೆ ಡಿಶ್ಶು, ಪೆಟ್ಟಿಗೆ ತಂದರೆ ಮುಗಿಯಿತು, ಚಂದನ ಸಹ ಅದರಲ್ಲೇ ಬರುತ್ತದೆ. ಕೂಲಿಯ ಮನೆಗೆ ಈ ಲೆಕ್ಕ ಸಣ್ಣದಲ್ಲ. ಸಿಂಧನೂರು ತಾಲ್ಲೂಕಿನ ಕ್ಯಾಂಪುಗಳನ್ನೂ ನೆನೆಯಬೇಕು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹಿಂಬಾಲಿಸಿ ಬಂದ ಆಂಧ್ರದ ರೈತರು, ಪೂರ್ವ ಪಾಕಿಸ್ತಾನದಿಂದ ಬಂದು ಸರ್ಕಾರ ನೆಲೆಗೊಳಿಸಿದ ಬಂಗಾಳಿ ಕುಟುಂಬಗಳು, ಇಲ್ಲಿಯವರೇ ಆದ ಕನ್ನಡದವರು, ಉರ್ದುವಿನವರು. ಊರಿನ ಕೇಬಲ್ಲಿನವನು ಹೆಚ್ಚು ಮಂದಿ ಕೇಳಿದ್ದನ್ನು ಕೊಡುತ್ತಾನೆ. ಕಡಿಮೆ ಮಂದಿಯ ಭಾಷೆ ಮನೆಗೆ ಬರಬೇಕಾದರೆ ಅವರವರ ಮಾಳಿಗೆಯ ಡಿಶ್ಶೇ ಗತಿ. ಕಾಲುವೆ ಕೊನೆಯ ಕ್ಯಾಂಪಿನಲ್ಲಿ ಅಜ್ಜಿಯೊಬ್ಬಳಿಗೆ ಬಂಗಾಳಿ ಕೇಳಿಸುವುದು ಒಂದು ಬೋಲ್ಟಿನ ಮೇಲೆ ನಿಂತಿದೆ ಎಂದರೆ ಅದು ಉತ್ಪ್ರೇಕ್ಷೆ ಅಲ್ಲ.

ಅಳತೆಯ ಉಪಕರಣ ಇಲ್ಲ ಎನ್ನುವವರಿಗೆ ವರ್ಷಕ್ಕೆರಡು ಸಲ ಸೂರ್ಯನೇ ಬಂದು ಪರೀಕ್ಷೆ ಮಾಡಿಕೊಡುತ್ತಾನೆ. ಮಾರ್ಚ್ ಎರಡನೇ ವಾರದ ಸುಮಾರಿಗೆ, ಮತ್ತೆ ಸೆಪ್ಟೆಂಬರ್ ಕೊನೆಯ ಹೊತ್ತಿಗೆ, ನಮ್ಮ ಮೂರು ಊರುಗಳಿಂದ ನೋಡಿದಾಗ ಸೂರ್ಯ 93.5ರ ಉಪಗ್ರಹದ ಬೆನ್ನ ಹಿಂದೆ ಹಾಯುತ್ತಾನೆ, ಬೆಳಿಗ್ಗೆ ಹನ್ನೊಂದರ ಆಸುಪಾಸು. ಅವನ ಗದ್ದಲಕ್ಕೆ ಕೆಲವು ನಿಮಿಷ ಚಿತ್ರ ಕದಡಬಹುದು. ಕಂಪನಿಗೆ ಫೋನು ಹಚ್ಚಬೇಡಿ, ಮಾಳಿಗೆಗೆ ಹೋಗಿ. ಆ ಹೊತ್ತಿಗೆ ಡಿಶ್‌ನ ಮೇಲೆ ಬೇವಿನ ಟೊಂಗೆಯದೋ ಟ್ಯಾಂಕಿನದೋ ನೆರಳು ಬಿದ್ದಿದ್ದರೆ ಅದೇ ನಿಜವಾದ ಅಡ್ಡ. ಎಲ್‌ಎನ್‌ಬಿ ತೋಳಿನ ನೆರಳು ಡಿಶ್‌ನ ಕೆಳಅಂಚಿನ ನಡುವಿಗೆ ಬೀಳದೆ ಒಂದು ಪಕ್ಕಕ್ಕೆ ಜಾರಿದ್ದರೆ ಡಿಶ್ ಆ ಮಟ್ಟಿಗೆ ತಿರುಗಿದೆ ಎಂದರ್ಥ. ಉಳಿದ ದಿನಗಳಲ್ಲಿ ಮೆಕ್ಯಾನಿಕ್ ಬಂದಾಗ ಚಿತ್ರ ಮೂಡಿತೆಂದು ಚಹಾ ಇಡಲು ಏಳಬೇಡಿ. ಕ್ವಾಲಿಟಿ ಎಷ್ಟಿದೆ ನೋಡಿ ಕೂಗಿ ಹೇಳಿ. ಎರಡೂ ಕಡೆ ಬೀಳಿಸಿ ನಡುವೆ ತಂದು ಕೊಡು ಎಂದು ಕೇಳಿ, ಎತ್ತರಕ್ಕೂ ಕೇಳಿ. ಬೋಲ್ಟುಗಳನ್ನು ಒಂದಾದಮೇಲೊಂದು ಸ್ವಲ್ಪ ಸ್ವಲ್ಪವೇ ಬಿಗಿಯಲಿ, ಬಿಗಿಯುವಾಗ ಅಂಕಿ ಇಳಿದರೆ ಮತ್ತೆ ಸಡಿಲಿಸಲಿ. ಆ ಹೆಚ್ಚಿನ ಹತ್ತು ನಿಮಿಷಕ್ಕೆ ಹೆಚ್ಚಿನ ದುಡ್ಡು ಕೊಡಿ. ಕೊನೆಗೆ ನಿಂತ ಅಂಕಿಯನ್ನೂ ಆ ದಿನದ ತಾರೀಖನ್ನೂ ಅಳಿಯದ ಬಣ್ಣದಲ್ಲಿ ಡಿಶ್‌ನ ಬೆನ್ನಿಗೆ ಬರೆಸಿಕೊಳ್ಳಿ. ಗಾಳಿ ಅಲುಗಿಸಿತೋ ಇಲ್ಲವೋ ಎಂದು ಮುಂದಿನ ವರ್ಷ ಜಗಳವಾಡುವ ಬದಲು ಓದಿ ತಿಳಿಯಬಹುದು.